62ನೇ ಆಯ್ಕೆಯ ಡಿಫೆನ್ಸ್‌ಮನ್: ಲೇನ್ ಹಟ್ಸನ್ ಪ್ರಕರಣ ಅಧ್ಯಯನ

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಕಿರಿಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ 2022ರಲ್ಲಿ ಜುಲೈ 7 ಮತ್ತು 8ರಂದು ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ ನಡೆಯಿತು. ಏಳು ಸುತ್ತು, 225 ಆಯ್ಕೆ. ಎರಡನೇ ಸುತ್ತು ಇನ್ನೇನು ಮುಗಿಯಬೇಕು ಎನ್ನುವಾಗ ಆತಿಥೇಯ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ 62ನೆಯವನಾಗಿ ಲೇನ್ ಹಟ್ಸನ್ ಎಂಬ ಎಡಗೈ ಡಿಫೆನ್ಸ್‌ಮನ್‌ನನ್ನು ತೆಗೆದುಕೊಂಡಿತು. ಮೂರು ವರ್ಷ ತುಂಬುವ ಮೊದಲೇ ಅವನು ಎನ್‌ಎಚ್‌ಎಲ್‌ನ ಒಂದು ಪೂರ್ತಿ ಋತುವಿನಲ್ಲಿ 82 ಪಂದ್ಯವಾಡಿ 66 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ನೆರವಾದ ಪಾಸ್ ಎರಡೂ ಸೇರಿ) ಗಳಿಸಿ, ವರ್ಷದ ಶ್ರೇಷ್ಠ ಹೊಸ ಆಟಗಾರನಿಗೆ ಸಲ್ಲುವ ಕಾಲ್ಡರ್ ಟ್ರೋಫಿ ಪಡೆದ.

ಅವನಿಗಿಂತ ಮೊದಲು 61 ಹೆಸರು ಕೂಗಿದವರೆಲ್ಲ ಕಣ್ಣು ಮುಚ್ಚಿಕೊಂಡಿದ್ದರು ಎಂದು ಬರೆದು ಮುಗಿಸಬಹುದು. ಆದರೆ ಅದು ನಿಜವಲ್ಲ. ಹಟ್ಸನ್ ಎಲ್ಲೋ ಮೂಲೆಯಲ್ಲಿ ಆಡುತ್ತಿದ್ದ ಹುಡುಗನಲ್ಲ. ಅಮೆರಿಕದ ರಾಷ್ಟ್ರೀಯ ಕಿರಿಯರ ತಂಡದಲ್ಲಿ, ಪ್ರತಿ ವಾರ ತಂಡಗಳಿಗಾಗಿ ಪ್ರತಿಭೆ ಹುಡುಕುವ ಹತ್ತಾರು ಸ್ಕೌಟ್‌ಗಳು ಕೂರುವ ರಿಂಕಿನಲ್ಲಿ ಆಡುತ್ತಿದ್ದ. ಅವನ ಪಾಯಿಂಟುಗಳು ಎಲ್ಲರ ಪಟ್ಟಿಯಲ್ಲೂ ಇದ್ದವು, ಅವನ ಎತ್ತರವೂ ಇತ್ತು. ಎತ್ತರವನ್ನು ಒಂದು ಅಂಕಿಯಾಗಿ ಓದುವುದಕ್ಕೂ, ಆ ಎತ್ತರದಿಂದ ರಿಂಕಿನ ಯಾವ ಜಾಗದಲ್ಲಿ ಏನು ನಷ್ಟವಾಗುತ್ತದೆ ಎಂದು ಬಿಡಿಸಿ ನೋಡುವುದಕ್ಕೂ ಇರುವ ವ್ಯತ್ಯಾಸವೇ ಈ ಪ್ರಕರಣದ ತಿರುಳು ಎಂಬುದು ನಮ್ಮ ಓದು.

ಡ್ರಾಫ್ಟ್‌ಗೆ ಮೊದಲಿನ ಕಡತ

ಹುಟ್ಟಿದ್ದು 2004ರ ಫೆಬ್ರವರಿ 14, ಮಿಶಿಗನ್ ರಾಜ್ಯದ ಹಾಲಂಡ್ ಊರಿನಲ್ಲಿ. ಬೆಳೆದದ್ದು ಇಲಿನಾಯ್ಸ್‌ನಲ್ಲಿ, ನಾಲ್ಕು ಜನ ಅಣ್ಣತಮ್ಮಂದಿರ ನಡುವೆ. ಕೊನೆಯ ಎರಡು ವರ್ಷ ಮಿಶಿಗನ್‌ನ ಪ್ಲಿಮತ್‌ನಲ್ಲಿರುವ ರಾಷ್ಟ್ರೀಯ ತಂಡದ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಕಳೆದ. 1996ರಲ್ಲಿ ಶುರುವಾದ ಈ ಕಾರ್ಯಕ್ರಮ ದೇಶದ ಆಯ್ದ ಹದಿಹರೆಯದವರನ್ನು ಒಟ್ಟಿಗಿಟ್ಟು ಆಡಿಸುತ್ತದೆ. ಅಲ್ಲಿನ 18 ವರ್ಷದೊಳಗಿನ ತಂಡದ ಪಂದ್ಯಪಟ್ಟಿಯಲ್ಲಿ ಜೂನಿಯರ್ ಲೀಗ್ ತಂಡಗಳಿರುತ್ತವೆ, ವಿದೇಶಿ ತಂಡಗಳಿರುತ್ತವೆ, ಕಾಲೇಜು ತಂಡಗಳೂ ಇರುತ್ತವೆ. ಸ್ಕೌಟ್‌ಗೆ ಹೆಚ್ಚು ಬೆಲೆಬಾಳುವುದು ಕಾಲೇಜು ಪಂದ್ಯಗಳೇ. 17ರ ಹುಡುಗನ ಎದುರಿಗೆ 22, 23ರ ಗಂಡಸರು ನಿಂತಾಗ ಅವನ ಯಾವ ಚಳಕ ಉಳಿಯುತ್ತದೆ, ಯಾವುದು ಕಳಚಿ ಬೀಳುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

2021-22ರಲ್ಲಿ ಹಟ್ಸನ್ 60 ಪಂದ್ಯಗಳಲ್ಲಿ 10 ಗೋಲು, 53 ಅಸಿಸ್ಟ್ ಗಳಿಸಿದ. ಅದೇ ವಸಂತದಲ್ಲಿ ಜರ್ಮನಿಯಲ್ಲಿ ನಡೆದ 18 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕ ಫೈನಲ್‌ನಲ್ಲಿ ಸ್ವೀಡನ್‌ಗೆ ಸೋತು ಬೆಳ್ಳಿ ಗೆದ್ದಾಗ, ಟೂರ್ನಿಯ ಶ್ರೇಷ್ಠ ಡಿಫೆನ್ಸ್‌ಮನ್ ಗೌರವ ಇವನಿಗೇ ಬಂತು. ಎತ್ತರ 5 ಅಡಿ 8 ಇಂಚಿನ ಆಸುಪಾಸು, ತೂಕ 160 ಪೌಂಡ್‌ನ ಆಸುಪಾಸು, ಅಂದರೆ 72 ಕಿಲೋದಷ್ಟು. ಅದೇ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋದ ಓವನ್ ಪಿಕರಿಂಗ್, ಸ್ಯಾಮ್ ರಿಂಜಲ್ 6 ಅಡಿ 4 ಇಂಚಿನವರು. ಲಿಯಾನ್ ಬಿಕ್ಸೆಲ್ ಅವರಿಗಿಂತಲೂ ಎತ್ತರ.

ಅಂಕಿಗಳನ್ನು ಮೊದಲು ಸೋಸಬೇಕು

60 ಪಂದ್ಯಕ್ಕೆ 63 ಪಾಯಿಂಟ್ ಎಂಬುದನ್ನು ಹಾಗೆಯೇ ನಂಬಿ ಕೂರುವಂತಿಲ್ಲ. ಐಸ್ ಹಾಕಿಯಲ್ಲಿ ಗೋಲಿಗೆ ಮೊದಲಿನ ಎರಡು ಪಾಸ್‌ಗಳಿಗೂ ಒಂದೊಂದು ಅಸಿಸ್ಟ್ ಸಿಗುತ್ತದೆ. ಹಟ್ಸನ್ ಪಾಸ್ ಕೊಡುತ್ತಿದ್ದದ್ದು ಯಾರಿಗೆ? ಅದೇ ಡ್ರಾಫ್ಟ್‌ನಲ್ಲಿ 3ನೆಯವನಾಗಿ ಹೋದ ಲೋಗನ್ ಕೂಲಿ, 5ನೆಯವನಾದ ಕಟ್ಟರ್ ಗೋಥಿಯೇ, 13ನೆಯ ಫ್ರ್ಯಾಂಕ್ ನಜಾರ್, 14ನೆಯ ರಟ್ಗರ್ ಮೆಕ್‌ಗ್ರೋರ್ಟಿ. ಇಂಥವರ ಕೋಲಿಗೆ ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ತಲುಪಿಸಿದರೆ ಸಾಧಾರಣ ಡಿಫೆನ್ಸ್‌ಮನ್‌ಗೂ ಅಸಿಸ್ಟ್ ಕೂಡುತ್ತದೆ.

ಹಾಗಾಗಿ ಸೋಸುವ ಕ್ರಮ ಹೀಗೆ. ಮೊದಲು ಪವರ್ ಪ್ಲೇ ಪಾಯಿಂಟುಗಳನ್ನು ಬೇರೆ ತೆಗೆಯಬೇಕು. ಎದುರಾಳಿಯ ಒಬ್ಬ ಪೆನಾಲ್ಟಿ ಬಾಕ್ಸ್‌ನಲ್ಲಿ ಕುಳಿತಿರುವಾಗ ಎದುರಾಳಿಯ ವಲಯದ ಗಡಿಯಾದ ಬ್ಲೂ ಲೈನ್ ಮೇಲೆ ನಿಂತು ಪಾಸ್ ಹಂಚುವುದು ಒಂದು ಕೆಲಸ. ಐವರ ಎದುರು ಐವರು ಆಡುವಾಗ ಪಕ್ಕನ್ನು ತನ್ನ ವಲಯದಿಂದ ಹೊರತರುವುದು ಬೇರೆಯೇ ಕೆಲಸ. ಉಳಿದದ್ದರಲ್ಲಿ ನೇರ ಅಸಿಸ್ಟ್‌ಗಳನ್ನು, ಅಂದರೆ ಗೋಲಿಗೆ ತೀರಾ ಹಿಂದಿನ ಪಾಸ್‌ಗಳನ್ನು ಮಾತ್ರ ಎಣಿಸಬೇಕು. ಆಮೇಲೆ ಪ್ರತಿ ನೇರ ಅಸಿಸ್ಟ್‌ನ ವಿಡಿಯೊ ತೆಗೆದು ಒಂದೇ ಪ್ರಶ್ನೆ ಹಾಕಬೇಕು: ಗೋಲಿನ ಅವಕಾಶ ಈ ಪಾಸಿನಿಂದ ಹುಟ್ಟಿತೋ, ಪಾಸ್ ಪಡೆದವನ ಚಳಕದಿಂದ ಹುಟ್ಟಿತೋ? ಪಾಸ್ ಹೊರಡುವ ಮೊದಲೇ ಇಬ್ಬರು ಎದುರಾಳಿಗಳು ಹಟ್ಸನ್ ಕಡೆಗೆ ಸೆಳೆಯಲ್ಪಟ್ಟಿದ್ದರೆ ಆ ಪಾಯಿಂಟ್ ಅವನದೇ. ಲೀಗ್‌ನಿಂದ ಲೀಗ್‌ಗೆ ಪಾಯಿಂಟುಗಳನ್ನು ಗುಣಿಸಿ ಎನ್‌ಎಚ್‌ಎಲ್ ಮಟ್ಟಕ್ಕೆ ಅಂದಾಜು ಮಾಡುವ ಸೂತ್ರಗಳು ಎಷ್ಟೋ ಇವೆ. ಪಟ್ಟಿಯಲ್ಲಿ ಯಾರನ್ನು ಎರಡನೇ ಸಲ ನೋಡಬೇಕು ಎಂದು ತಿಳಿಯಲು ಅವು ಸಾಕು, ಯಾರನ್ನು ತೆಗೆದುಕೊಳ್ಳಬೇಕು ಎಂದು ತಿಳಿಯಲು ಸಾಲವು.

ಮೂಲೆಯಿಂದ ಪಕ್ ತರುವ ಎರಡು ಸೆಕೆಂಡ್

ಕೊಡಗಿನ ಮೈದಾನದ ಹಾಕಿ ನೋಡಿ ಬೆಳೆದವರಿಗೆ ಡಿಫೆನ್ಸ್‌ಮನ್ ಎಂದರೆ ಫುಲ್ ಬ್ಯಾಕ್ ನೆನಪಾಗಬಹುದು. ಒಂದು ದೊಡ್ಡ ವ್ಯತ್ಯಾಸವಿದೆ. ಮೈದಾನದಲ್ಲಿ ಚೆಂಡು ಗೆರೆ ದಾಟಿದರೆ ಆಟ ನಿಲ್ಲುತ್ತದೆ. ರಿಂಕಿನ ಸುತ್ತ ಬೋರ್ಡ್ ಇದೆ, ಗೋಲಿನ ಹಿಂದೆಯೂ 11 ಅಡಿ ಜಾಗವಿದೆ. ಎದುರಾಳಿ ಬೇಕೆಂದೇ ಪಕ್ಕನ್ನು ಮೂಲೆಗೆ ಬಡಿದು, ಅದರ ಹಿಂದೆಯೇ ನುಗ್ಗಿ ಬರುತ್ತಾನೆ. ಡಿಫೆನ್ಸ್‌ಮನ್ ಗೋಡೆಯತ್ತ ಮುಖ ಮಾಡಿ, ಬೆನ್ನ ಹಿಂದೆ ಬರುವವನನ್ನು ಕಾಣದೆ ಆ ಪಕ್ ಎತ್ತಿಕೊಳ್ಳಬೇಕು. ವೃತ್ತಿಪರ ಡಿಫೆನ್ಸ್‌ಮನ್‌ನ ಬದುಕು ನಿಂತಿರುವುದು ಈ ಕೆಲಸದ ಮೇಲೆ.

ಲೆಕ್ಕ ಸರಳ. ಬ್ಲೂ ಲೈನ್‌ನಿಂದ ಗೋಲ್ ಲೈನ್‌ಗೆ 64 ಅಡಿ. ಗಂಟೆಗೆ 20 ಮೈಲಿ ವೇಗದಲ್ಲಿ ಬರುವ ಫಾರ್ವರ್ಡ್ ಸೆಕೆಂಡಿಗೆ 29 ಅಡಿ ಕ್ರಮಿಸುತ್ತಾನೆ. ಅಂದರೆ ಅವನು ಗೆರೆ ದಾಟಿದ ಮೇಲೆ ಡಿಫೆನ್ಸ್‌ಮನ್ ಕೈಯಲ್ಲಿರುವುದು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ದೊಡ್ಡ ಮೈಯವನು ಈ ಎರಡು ಸೆಕೆಂಡಿನಲ್ಲಿ ತಪ್ಪಿದರೂ ಒಂದು ಏಟು ತಿಂದು, ಪಕ್ಕನ್ನು ಕಾಲಿನಡಿ ಒತ್ತಿ ಹಿಡಿದು, ಜೊತೆಗಾರ ಬರುವವರೆಗೆ ಕಾಯಬಲ್ಲ. 72 ಕಿಲೋದವನಿಗೆ ಆ ಸೌಕರ್ಯವಿಲ್ಲ. ಏಟು ಬೀಳುವ ಮೊದಲೇ ಪಕ್ ಸಮೇತ ಅಲ್ಲಿಂದ ಹೋಗಿರಬೇಕು.

ಹಟ್ಸನ್ ಹೋಗುತ್ತಿದ್ದ ರೀತಿಯನ್ನು ಒಂದೊಂದೇ ಚೌಕಟ್ಟಾಗಿ ನೋಡಿದರೆ ಅವನನ್ನು ಅಳೆಯುವ ಅಳತೆಗೋಲು ಸಿಗುತ್ತದೆ. ಪಕ್ ಎಡಮೂಲೆಗೆ ಹೊರಳಿದ ಕೂಡಲೇ ಭುಜದ ಮೇಲಿಂದ ಒಂದು ನೋಟ: ಎಷ್ಟು ಜನ ಬರುತ್ತಿದ್ದಾರೆ, ಯಾವ ಕಡೆಯಿಂದ. ಪಕ್ಕಿಗೆ ಹತ್ತು ಹನ್ನೆರಡು ಅಡಿ ಇರುವಾಗ ಇನ್ನೊಂದು ನೋಟ: ಮೊದಲನೆಯವನ ಸ್ಕೇಟ್‌ಗಳು ಎತ್ತ ತಿರುಗಿವೆ, ತನ್ನ ತಂಡದ ಸೆಂಟರ್, ಅಂದರೆ ನಡುವಿನ ಫಾರ್ವರ್ಡ್, ಎಲ್ಲಿದ್ದಾನೆ. ಪಕ್ಕಿನ ಕಡೆ ನೇರವಾಗಿ ಹೋಗದೆ ಸಣ್ಣ ಬಾಗಿನಲ್ಲಿ ಹೋಗುತ್ತಾನೆ. ಬೋರ್ಡ್ ಬದಿಗೆ ಹೊರಡುವವನಂತೆ ಸೊಂಟ ತೋರಿಸುತ್ತಾನೆ. ಪಕ್ ಕಸಿಯಲು ನುಗ್ಗಿ ಬಂದ ಎದುರಾಳಿ, ಅಂದರೆ ಫೋರ್‌ಚೆಕ್ಕರ್, ಆ ಕಡೆಗೆ ತೂಕ ಹಾಕಿದ ಕ್ಷಣ ಎರಡೂ ಹಿಮ್ಮಡಿಗಳನ್ನು ಎದುರುಬದುರು ಮಾಡಿ, ಪಾದಗಳನ್ನು ಹೊರಕ್ಕೆ ತೆರೆದು, ಗೋಲಿನ ಹಿಂದಕ್ಕೆ ಜಾರುತ್ತಾನೆ. ಹೀಗೆ ಪಾದ ತೆರೆದಾಗ ಎದೆ ಮತ್ತು ಕಣ್ಣು ರಿಂಕಿನ ಕಡೆಗೇ ಇರುತ್ತವೆ, ಆದ್ದರಿಂದ ಪಾಸ್ ಕೊಡಲು ಮತ್ತೆ ತಿರುಗಿ ನಿಲ್ಲುವ ಅಗತ್ಯವಿಲ್ಲ. ಕೊನೆಗೆ ಫೋರ್‌ಚೆಕ್ಕರ್‌ನ ಕೋಲು ಮತ್ತು ಸ್ಕೇಟ್‌ಗಳ ನಡುವಿನ ತ್ರಿಕೋನದೊಳಗಿಂದ ಮಧ್ಯದಲ್ಲಿರುವ ಸೆಂಟರ್‌ಗೆ ಚಪ್ಪಟೆ ಪಾಸ್.

ಇದರಲ್ಲಿ ವೇಗ ಎಲ್ಲಿದೆ? ಹೆಚ್ಚೇನಿಲ್ಲ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಸಣ್ಣ ಮೈಯ ಡಿಫೆನ್ಸ್‌ಮನ್ ಎಂದರೆ ಓಟದಲ್ಲಿ ಎಲ್ಲರನ್ನೂ ಹಿಂದಿಕ್ಕುವವನಾಗಿರಬೇಕು ಎಂಬುದು ಹಳೆಯ ನಂಬಿಕೆ. ನೇರ ಓಟದಲ್ಲಿ ಹಟ್ಸನ್ ತನ್ನ ವಯಸ್ಸಿನ ಅಗ್ರ ವೇಗಿಗಳ ಸಾಲಿನವನಲ್ಲ. ಸ್ಕೇಟಿಂಗ್ ಎಂಬ ಒಂದೇ ಕಾಲಮ್‌ನಲ್ಲಿ ಅಂಕ ಹಾಕಿದ ಸ್ಕೌಟ್‌ಗಳಿಗೆ ಅವನು "ಸಣ್ಣವ, ಆದರೂ ಮಿಂಚಿನಂತಿಲ್ಲ" ಎಂದು ಕಂಡಿರಬೇಕು. ಆ ಕಾಲಮ್ಮನ್ನು ಕನಿಷ್ಠ ನಾಲ್ಕಾಗಿ ಒಡೆಯಬೇಕು: ಮೊದಲ ಮೂರು ಹೆಜ್ಜೆಯ ಸ್ಫೋಟ, ನೇರ ಓಟದ ಗರಿಷ್ಠ ವೇಗ, ಹಿಮ್ಮುಖ ಓಟದಿಂದ ಮುಮ್ಮುಖಕ್ಕೆ ತಿರುಗುವ ಸಲೀಸು, ಸ್ಕೇಟ್ ಅಲಗಿನ ಅಂಚುಗಳ ಮೇಲಿನ ಹಿಡಿತ. ಹಟ್ಸನ್ ಕೊನೆಯದರಲ್ಲಿ ಆ ವರ್ಷದ ಎಲ್ಲರಿಗಿಂತ ಮುಂದಿದ್ದ.

ಎಲ್ಲಿ ಕುಳಿತು, ಏನನ್ನು ಎಣಿಸಬೇಕು

ಡಿಫೆನ್ಸ್‌ಮನ್‌ನನ್ನು ನೋಡಲು ಮಧ್ಯದ ಗೆರೆಯ ಎದುರಿನ ಸೀಟು ಒಳ್ಳೆಯದಲ್ಲ. ಅವನು ಎರಡು ಪಿರಿಯಡ್ ರಕ್ಷಿಸುವ ಗೋಲಿನ ಬದಿಯ ಮೂಲೆಯಲ್ಲಿ, ಎತ್ತರದಲ್ಲಿ ಕೂತರೆ ಭುಜದ ನೋಟ, ಪಾದದ ಕೋನ, ಪಾಸಿನ ದಾರಿ ಮೂರೂ ಕಾಣುತ್ತವೆ. ಒಂದಿಡೀ ಶಿಫ್ಟ್, ಅಂದರೆ ಅವನು ಐಸ್ ಮೇಲಿರುವ ಒಂದು ಸರದಿಯ 40ರಿಂದ 50 ಸೆಕೆಂಡ್, ಪಕ್ ಎಲ್ಲಿದ್ದರೂ ಸರಿ, ಅವನನ್ನೊಬ್ಬನನ್ನೇ ನೋಡಬೇಕು. ಇದು ಹೇಳಿದಷ್ಟು ಸುಲಭವಲ್ಲ; ಕಣ್ಣು ತಾನಾಗಿ ಪಕ್ಕಿನ ಹಿಂದೆ ಓಡುತ್ತದೆ.

ಎಣಿಕೆಗೆ ಒಂದು ಹಾಳೆಯಲ್ಲಿ ಮೂರು ಪಟ್ಟಿ ಸಾಕು. ವಲಯದಿಂದ ಹೊರಬಂದ ಪ್ರತಿ ಸಲ: ಪಾಸ್ ಕೊಟ್ಟು ಬಂದನೋ, ತಾನೇ ಹೊತ್ತು ಬಂದನೋ, ಗಾಜಿಗೆ ಬಡಿದು ಹೊರಹಾಕಿದನೋ, ರಿಂಕಿನ ಆಚೆ ತುದಿಗೇ ಹೊಡೆದು ಆಟ ನಿಲ್ಲುವಂತೆ (ಐಸಿಂಗ್) ಮಾಡಿದನೋ, ಕಳೆದುಕೊಂಡನೋ. ಎದುರಾಳಿ ತನ್ನ ಕಡೆಯಿಂದ ಒಳನುಗ್ಗಿದ ಪ್ರತಿ ಸಲ: ಗೆರೆಯಲ್ಲೇ ತಡೆದನೋ, ಪಕ್ ಒಳಗೆಸೆಯುವಂತೆ ಮಾಡಿದನೋ, ಹೊತ್ತುಕೊಂಡು ಒಳಬರಲು ಬಿಟ್ಟನೋ. ಮೂರನೆಯದು ಗೋಲಿನ ಮುಂದಿನ ಸೆಣಸಾಟ: ಎದುರಾಳಿಯ ಕೋಲನ್ನು ಎತ್ತಿ ಹಿಡಿದನೋ, ಅವನನ್ನು ಹೊರಗೆ ತಳ್ಳಿದನೋ, ಕಳೆದುಕೊಂಡನೋ. ಐದಾರು ಪಂದ್ಯಗಳ ಹಾಳೆ ಜೋಡಿಸಿದರೆ ಆಟದ ಆಕಾರ ಕಾಣತೊಡಗುತ್ತದೆ. ಆ ಐದಾರರಲ್ಲಿ ಒಂದಾದರೂ ಸತತ ಮೂರು ರಾತ್ರಿಗಳ ಮೂರನೇ ಪಂದ್ಯವಾಗಿರಬೇಕು, ಇನ್ನೊಂದು ಕಾಲೇಜು ತಂಡದ ಎದುರಿನದಾಗಿರಬೇಕು. ದಣಿದ ಕಾಲಿನಲ್ಲಿ ಚಳಕ ಆಟಗಾರ ಮೊದಲು ಬಿಡುವುದು ಭುಜದ ನೋಟವನ್ನು. ಅದು ಬಿಟ್ಟಿತೆಂದರೆ ಮುಂದಿನ ಏಟು ದೂರವಿಲ್ಲ.

ವಿಡಿಯೊ ಈಗ ಎಲ್ಲರ ಬಳಿಯೂ ಇದೆ, ಹುಡುಗನ ಪ್ರತಿ ಸ್ಪರ್ಶವನ್ನೂ ಕತ್ತರಿಸಿ ಜೋಡಿಸಿಕೊಡುವ ಸೇವೆಗಳಿವೆ. ಅದರಲ್ಲೊಂದು ಅಪಾಯ: ಕತ್ತರಿಸಿದ ತುಣುಕುಗಳಲ್ಲಿ ಪಕ್ ಇಲ್ಲದ ಹೊತ್ತು ಇರುವುದಿಲ್ಲ. ಹಟ್ಸನ್‌ನಂಥವನ ಬಗ್ಗೆ ಅನುಮಾನವಿದ್ದದ್ದು ಪಕ್ ಇಲ್ಲದ ಹೊತ್ತಿನ ಮೇಲೆಯೇ.

ಎತ್ತರ ಎಲ್ಲೆಲ್ಲಿ ಕೈಕೊಡುತ್ತದೆ

ಮೂರು ಜಾಗ. ಮೊದಲನೆಯದು ಗೋಲಿನ ಮುಂದಿನ ನೀಲಿ ಅಂಗಳ. ಅಲ್ಲಿ 95 ಕಿಲೋದವನು ಬೆನ್ನು ಕೊಟ್ಟು ನಿಂತರೆ ಹಟ್ಸನ್ ಅವನನ್ನು ಕದಲಿಸಲಾರ. ಇದಕ್ಕೆ ಪೂರ್ತಿ ಪರಿಹಾರವಿಲ್ಲ, ಕಡತದಲ್ಲಿ ಹಾಗೆಯೇ ಬರೆಯಬೇಕು. ಆದರೆ ಆಟದ ನಿಯಮ ಬದಲಾಗಿದೆ. 2005-06ರಿಂದ ಹಿಡಿಯುವುದು, ಕೋಲು ಅಡ್ಡ ಹಾಕಿ ಎಳೆಯುವುದರ ಮೇಲೆ ರೆಫರಿಗಳು ಬಿಗಿ ಮಾಡಿದ ಮೇಲೆ ಮೈ ತೂಕದಿಂದ ಜಾಗ ತೆರವು ಮಾಡುವ ಕೆಲಸಕ್ಕಿದ್ದ ಬೆಲೆ ಇಳಿಯಿತು. ಸಣ್ಣವನು ಮಾಡಬಹುದಾದದ್ದು ಎದುರಾಳಿಯ ಮುಂದಕ್ಕೆ ಬಂದು ನಿಲ್ಲುವುದು, ಶಾಟ್ ಬರುವ ಅರೆಕ್ಷಣ ಮೊದಲು ಅವನ ಕೋಲಿನ ಬುಡವನ್ನು ಎತ್ತುವುದು. ಬೇಗ ಎತ್ತಿದರೆ ಅವನು ಬಿಡಿಸಿಕೊಳ್ಳುತ್ತಾನೆ, ತಡವಾದರೆ ಪಕ್ ಬಲೆಯಲ್ಲಿರುತ್ತದೆ. ಇದು ಕಲಿಯಬಹುದಾದ ಕೆಲಸ.

ಎರಡನೆಯದು ಗೋಲ್ ಲೈನ್‌ಗಿಂತ ಕೆಳಗಿನ ಬೋರ್ಡ್ ಕಾದಾಟ. ಎದುರಾಳಿ ಪಕ್ಕನ್ನು ಮೈಯ ಮರೆಯಲ್ಲಿಟ್ಟುಕೊಂಡು ಬೋರ್ಡ್‌ಗುಂಟ ಸುತ್ತಿದರೆ ಹಟ್ಸನ್ ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಲಾರ. ಅವನ ಉಪಾಯ ಒತ್ತುವುದಲ್ಲ, ಒಳಬದಿಯಲ್ಲಿ ನಿಂತು ಎದುರಾಳಿಯ ಮುಂದಿನ ಪಾಸನ್ನು ಕದಿಯುವುದು. ಜೊತೆಗಾರ ಡಿಫೆನ್ಸ್‌ಮನ್ ಸರಿಯಾಗಿದ್ದರೆ ಇದು ನಡೆಯುತ್ತದೆ. ಆದ್ದರಿಂದ ಇಂಥ ಆಟಗಾರನನ್ನು ತೆಗೆದುಕೊಳ್ಳುವ ತಂಡ ಅವನ ಪಕ್ಕದಲ್ಲಿ ಯಾರನ್ನು ಆಡಿಸುತ್ತದೆ ಎಂಬುದನ್ನೂ ಅಂದೇ ಯೋಚಿಸಬೇಕು.

ಮೂರನೆಯದು ಬ್ಲೂ ಲೈನ್ ಮೇಲಿನ ಕೈಚಾಚು. ಎನ್‌ಎಚ್‌ಎಲ್ ನಿಯಮದಂತೆ ಕೋಲಿನ ಹಿಡಿಯ ಉದ್ದ 63 ಇಂಚು ಮೀರುವಂತಿಲ್ಲ, 6 ಅಡಿ 6 ಇಂಚು ಮುಟ್ಟಿದವರಿಗೆ ಮಾತ್ರ ವಿನಾಯಿತಿ. ಆದರೆ ಎಲ್ಲರೂ ತಮ್ಮ ಎತ್ತರಕ್ಕೆ ತಕ್ಕಂತೆ ಕೋಲು ಕತ್ತರಿಸಿಕೊಳ್ಳುತ್ತಾರೆ, ಹಾಗಾಗಿ ತೋಳು ಮತ್ತು ಕೋಲು ಎರಡೂ ಸೇರಿ ಸಣ್ಣವನು ಮುಟ್ಟುವ ಸುತ್ತಳತೆ ಕುಗ್ಗುತ್ತದೆ. ಎತ್ತರದವನು ಎದುರಾಳಿಗೆ ಒಂದೂವರೆ ಕೋಲಿನಷ್ಟು ಜಾಗ ಬಿಟ್ಟು ಹಿಮ್ಮುಖವಾಗಿ ಸರಿದರೂ ಪಕ್ ಮುಟ್ಟಬಲ್ಲ. ಹಟ್ಸನ್ ಹಾಗೆ ಸರಿದರೆ ಎದುರಾಳಿ ಅವನ ಪಕ್ಕದಿಂದ ದಾಟಿ ಹೋಗುತ್ತಾನೆ. ಅವನು ಮಾಡಬೇಕಾದದ್ದು ಬೇಗ ಮುಂದಕ್ಕೆ ಬರುವುದು: ಎದುರಾಳಿ ಮಧ್ಯ ವಲಯದಲ್ಲಿ ಇನ್ನೂ ಪಾಸ್ ಪಡೆಯುತ್ತಿರುವಾಗಲೇ, ವೇಗ ಕೂಡಿಸಿಕೊಳ್ಳುವ ಮೊದಲೇ, ಅಡ್ಡಲಾಗಿ ತೇಲಿ ಬಂದು ಎದುರಾಗುವುದು. ಇದರಲ್ಲಿ ಜೂಜಿದೆ. ಊಹೆ ತಪ್ಪಿದರೆ ಬೆನ್ನ ಹಿಂದೆ ಇಬ್ಬರು ಒಂಟಿಯಾಗಿರುವ ಗೋಲಿಯ (ಗೋಲ್‌ಕೀಪರ್‌ನ) ಮೇಲೆ ನುಗ್ಗುತ್ತಾರೆ. ಪ್ಲಿಮತ್‌ನಲ್ಲಿ ಅವನ ಈ ಊಹೆ ಹೆಚ್ಚಾಗಿ ಸರಿಯಿರುತ್ತಿತ್ತು, ತಪ್ಪಿದಾಗ ನೋಡಲು ಭೀಕರವಾಗಿರುತ್ತಿತ್ತು. ಒಂದೇ ಸಲ ಬಂದು ಆ ಕೆಟ್ಟ ರಾತ್ರಿಯನ್ನು ನೋಡಿ ಹೋದ ಸ್ಕೌಟ್ ಅವನ ಹೆಸರನ್ನು ಕೆಳಕ್ಕೆ ತಳ್ಳಿದ್ದರೆ ಆಶ್ಚರ್ಯವಿಲ್ಲ.

ವೈದ್ಯರ ಪತ್ರ

ಡ್ರಾಫ್ಟ್‌ಗೆ ಒಂದು ತಿಂಗಳ ಮೊದಲು ಬಫೆಲೊದಲ್ಲಿ ಕಂಬೈನ್ ಎಂಬ ಪರೀಕ್ಷಾ ಶಿಬಿರ ನಡೆಯುತ್ತದೆ. ಕೋವಿಡ್‌ನಿಂದ ಎರಡು ವರ್ಷ ನಿಂತಿದ್ದು 2022ರಲ್ಲಿ ಮರಳಿ ನಡೆಯಿತು. ಅಲ್ಲಿ ಐಸ್ ಮೇಲೆ ಯಾವ ಪರೀಕ್ಷೆಯೂ ಇಲ್ಲ: 30 ಸೆಕೆಂಡ್ ಸೈಕಲ್ ತುಳಿಸಿ ಕಾಲಿನ ಶಕ್ತಿ ಅಳೆಯುತ್ತಾರೆ, ಆಮ್ಲಜನಕ ಬಳಕೆ ಅಳೆಯುತ್ತಾರೆ, ಜಿಗಿತ, ಪುಲ್ ಅಪ್, ಎತ್ತರ, ತೂಕ. ಜೊತೆಗೆ ತಂಡಗಳ ಸಂದರ್ಶನ. ಹಟ್ಸನ್ ಅಲ್ಲಿಗೆ ತಜ್ಞ ವೈದ್ಯರ ಪತ್ರವೊಂದನ್ನು ತಂದಿದ್ದ. ತನ್ನ ಎಲುಬಿನ ವಯಸ್ಸು ನಿಜ ವಯಸ್ಸಿಗಿಂತ ಹಿಂದಿದೆ, ಇನ್ನೂ ಬೆಳೆಯಲು ಅವಕಾಶವಿದೆ ಎಂಬುದು ಅದರ ಸಾರಾಂಶ. ಆ ವರ್ಷದ ಕಂಬೈನ್‌ನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಈ ಪತ್ರದ ತೂಕ ಎಷ್ಟು ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಎಲುಬಿನ ವಯಸ್ಸು ಅಳೆಯಲು ಎಡಗೈ ಮಣಿಕಟ್ಟು ಮತ್ತು ಬೆರಳುಗಳ ಎಕ್ಸ್-ರೇ ತೆಗೆಯುತ್ತಾರೆ. ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ಬೆಳವಣಿಗೆ ಪಟ್ಟಿಗಳಿರುತ್ತವೆ. ಎಕ್ಸ್-ರೇಯಲ್ಲಿ ಅವು ಕಪ್ಪು ಗೆರೆಯಾಗಿ ಕಾಣುತ್ತವೆ. ಗೆರೆ ಎಷ್ಟು ಮುಚ್ಚಿದೆ ಎಂಬುದನ್ನು ವಯಸ್ಸುವಾರು ಮಾದರಿ ಚಿತ್ರಗಳ ಜೊತೆ ಹೋಲಿಸಿ ಅಂದಾಜು ಮಾಡುತ್ತಾರೆ. ಒಂದು ವರ್ಷದಷ್ಟು ಹಿಂದುಮುಂದು ಆಗುವುದು ಸಾಮಾನ್ಯ. ಎಲುಬಿನ ವಯಸ್ಸು 16 ಮುಟ್ಟಿದ ಹುಡುಗ ತನ್ನ ಪೂರ್ಣ ಎತ್ತರದ ಶೇ. 98ರ ಆಸುಪಾಸಿನಲ್ಲಿರುತ್ತಾನೆ. 18 ದಾಟಿದ ಹುಡುಗನ ಎಲುಬು ಎರಡು ವರ್ಷ ಹಿಂದಿದೆ ಎಂದೇ ಇಟ್ಟುಕೊಳ್ಳೋಣ: 173 ಸೆಂ.ಮೀ.ಯನ್ನು 0.98ರಿಂದ ಭಾಗಿಸಿದರೆ 176.5. ಅಂದರೆ ಮೂರೂವರೆ ಸೆಂಟಿಮೀಟರ್, ಒಂದೂವರೆ ಇಂಚಿಗೂ ಕಡಿಮೆ. ಇದರಿಂದ ಗೋಲಿನ ಮುಂದೆ 95 ಕಿಲೋದವನನ್ನು ತಳ್ಳುವ ಶಕ್ತಿ ಬರುವುದಿಲ್ಲ, ಕೈಚಾಚು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಪತ್ರ ಪೂರ್ತಿ ಸರಿಯಾಗಿದ್ದರೂ ಅವನು ಸಣ್ಣ ಡಿಫೆನ್ಸ್‌ಮನ್ ಆಗಿಯೇ ಉಳಿಯುತ್ತಿದ್ದ. ಆ ಪತ್ರ ನೋಡಿ ಅವನನ್ನು ತೆಗೆದುಕೊಂಡ ತಂಡವಾಗಲಿ, ಪತ್ರವನ್ನು ನಂಬದೆ ಕೈಬಿಟ್ಟ ತಂಡವಾಗಲಿ ತಪ್ಪು ಕಾಗದವನ್ನು ಓದಿದಂತೆ. ಎನ್‌ಎಚ್‌ಎಲ್‌ನಲ್ಲಿ ಇಂದು ಅವನ ಎತ್ತರ 5 ಅಡಿ 9 ಇಂಚು ಎಂದು ದಾಖಲಾಗಿದೆ.

ಅಮೆರಿಕ, ಕೆನಡಾಗಳಲ್ಲಿ ನೆಲೆಸಿ ಮಕ್ಕಳನ್ನು ಬೆಳಗಿನ ಜಾವ ರಿಂಕಿಗೆ ಕರೆದೊಯ್ಯುವ ಕನ್ನಡಿಗ ಅಪ್ಪ ಅಮ್ಮಂದಿರಿಗೂ ಈ ಲೆಕ್ಕ ಉಪಯೋಗವಾದೀತು. 12, 13ರ ವಯಸ್ಸಿನಲ್ಲಿ ಎಲುಬಿನ ವಯಸ್ಸು ಹಿಂದಿದ್ದರೆ ಬೆಳೆಯಲು ನಿಜಕ್ಕೂ ಬಹಳ ಇದೆ, 18ರಲ್ಲಿ ಇಲ್ಲ.

ಮಾಂಟ್ರಿಯಲ್ ಯಾಕೆ ಧೈರ್ಯ ಮಾಡಿತು

2021-22ರಲ್ಲಿ ಕೆನೇಡಿಯನ್ಸ್ 55 ಪಾಯಿಂಟ್‌ನೊಂದಿಗೆ ಲೀಗ್‌ನ ಕೊನೆಯ ಸ್ಥಾನದಲ್ಲಿತ್ತು. ಕೆಂಟ್ ಹ್ಯೂಸ್ ಆ ಜನವರಿಯಲ್ಲಷ್ಟೇ ಜನರಲ್ ಮ್ಯಾನೇಜರ್ ಆಗಿದ್ದರು. ತಂಡದ ಕೈಯಲ್ಲಿ ಆಯ್ಕೆಗಳ ರಾಶಿಯಿತ್ತು: 1ನೆಯದರಲ್ಲಿ ಭಾರಿ ಮೈಕಟ್ಟಿನ ಯುರಾಯ್ ಸ್ಲಾಫ್ಕೊವ್‌ಸ್ಕಿ, 26ರಲ್ಲಿ ಫಿಲಿಪ್ ಮೆಶಾರ್, 33ರಲ್ಲಿ ಓವನ್ ಬೆಕ್. 62ನೆಯದು ತಂಡದ ಸ್ವಂತದ್ದೂ ಅಲ್ಲ, ಎಡ್ಮಂಟನ್‌ನಿಂದ ಬಂದದ್ದು. ಮೊದಲ ಮೂರು ಆಯ್ಕೆಗಳು ಆದ ಮೇಲೆ ನಾಲ್ಕನೆಯದರಲ್ಲಿ ನಷ್ಟವಾದರೂ ತಂಡ ಕುಸಿಯುವುದಿಲ್ಲ. ಎರಡನೇ ಸುತ್ತಿನ ಕೊನೆಯಲ್ಲಿ ಸಿಗುವವರಲ್ಲಿ ಬಹುಪಾಲು ಹುಡುಗರು ಎನ್‌ಎಚ್‌ಎಲ್‌ನಲ್ಲಿ ನೆಲೆಯೂರುವುದೇ ಇಲ್ಲ. ಅಲ್ಲಿ ಡಿಫೆನ್ಸ್‌ನ ಮೂರನೇ ಜೋಡಿಯ ಕಾಯಂ ಸಾಧಾರಣನನ್ನು ಹುಡುಕುವುದಕ್ಕಿಂತ, ಫಲಿಸಿದರೆ ಮೊದಲ ಜೋಡಿಯಲ್ಲೇ ಆಡುವವನನ್ನು ಹಿಡಿಯುವುದು ಸರಿಯಾದ ಲೆಕ್ಕ. ಅಂಥ ಎತ್ತರದ ಸಾಧಾರಣರು ಮುಂದೆ ಒಪ್ಪಂದದ ಮೇಲೆ ಅಗ್ಗಕ್ಕೇ ಸಿಗುತ್ತಾರೆ.

ಉದಾಹರಣೆಗಳೂ ಕಣ್ಣ ಮುಂದಿದ್ದವು. 5 ಅಡಿ 9 ಇಂಚಿನ ಜ್ಯಾರೆಡ್ ಸ್ಪರ್ಜನ್ 2008ರಲ್ಲಿ 156ನೆಯವನಾಗಿ ಹೋಗಿ ಮಿನೆಸೋಟ ತಂಡದ ನಾಯಕನಾದ. ಟೋರಿ ಕ್ರೂಗ್‌ನನ್ನು ಡ್ರಾಫ್ಟ್‌ನಲ್ಲಿ ಯಾರೂ ಕರೆಯಲೇ ಇಲ್ಲ. ಕ್ವಿನ್ ಹ್ಯೂಸ್ 5 ಅಡಿ 10 ಇಂಚಿದ್ದೂ 2018ರಲ್ಲಿ 7ನೆಯವನಾದ. ಇನ್ನು ಕೆನೇಡಿಯನ್ಸ್ ಕೋಚ್ ಮಾರ್ಟಿನ್ ಸೇಂಟ್ ಲೂಯಿ: ಸ್ವತಃ 5 ಅಡಿ 8 ಇಂಚಿನವರು, ಡ್ರಾಫ್ಟ್ ಆಗದೆ ಬಂದು 2004ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡವರು. ಇಂಥ ಕೋಚ್ ಇರುವ ತಂಡಕ್ಕೆ ಹೋದದ್ದು ಹಟ್ಸನ್‌ಗೆ ಒದಗಿದ ಭಾಗ್ಯವೇ ಸರಿ. ಅದೇ ಹುಡುಗ ಏಟಿನ ಆಟವನ್ನೇ ನೆಚ್ಚಿದ ಕೋಚ್ ಕೈಗೆ ಸಿಕ್ಕಿದ್ದರೆ ಮೊದಲ ಹತ್ತು ಪಂದ್ಯಗಳ ತಪ್ಪುಗಳಿಗೇ ಬೆಂಚಿನ ಮೇಲೆ ಕೂರಬೇಕಾಗುತ್ತಿತ್ತೇನೋ.

ಬಾಸ್ಟನ್‌ನ ಎರಡು ವರ್ಷ

ಹಟ್ಸನ್ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದ. ಕಾಲೇಜು ಹಾಕಿಯಲ್ಲಿ ಋತುವಿಗೆ 35ರಿಂದ 40 ಪಂದ್ಯ, ಹೆಚ್ಚಾಗಿ ಶುಕ್ರವಾರ, ಶನಿವಾರ. ವಾರದ ಉಳಿದ ದಿನ ಅಭ್ಯಾಸ, ಜಿಮ್. ಮೈ ಕಟ್ಟಿಕೊಳ್ಳಬೇಕಾದ ಹುಡುಗನಿಗೆ ಇದು ಹೇಳಿ ಮಾಡಿಸಿದ ವೇಳಾಪಟ್ಟಿ. ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ 60ಕ್ಕೂ ಹೆಚ್ಚು ಪಂದ್ಯಗಳ ನಡುವೆ ಬಸ್ಸಿನಲ್ಲೇ ರಾತ್ರಿ ಕಳೆಯುವಾಗ ತೂಕ ಏರುವುದಕ್ಕಿಂತ ಇಳಿಯುವುದೇ ಹೆಚ್ಚು. ತಂಡಕ್ಕೂ ಅನುಕೂಲವಿದೆ: ಕಾಲೇಜಿಗೆ ಹೋದವನ ಮೇಲಿನ ಹಕ್ಕು ಸಾಮಾನ್ಯವಾಗಿ ನಾಲ್ಕು ವರ್ಷ ಉಳಿಯುತ್ತದೆ. ಅಪಾಯವೂ ಅದರಲ್ಲೇ ಇದೆ. 2016ರಲ್ಲಿ ಕ್ಯಾಲ್ಗರಿ 66ನೆಯವನಾಗಿ ತೆಗೆದುಕೊಂಡ ಆ್ಯಡಂ ಫಾಕ್ಸ್ ಸಹಿ ಹಾಕಲಿಲ್ಲ. ಹಕ್ಕು ಕೈ ಬದಲಾಗಿ ಕೊನೆಗೆ ನ್ಯೂಯಾರ್ಕ್ ಸೇರಿ 2021ರಲ್ಲಿ ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಸಲ್ಲುವ ನಾರಿಸ್ ಟ್ರೋಫಿ ಗೆದ್ದ.

ಮೊದಲ ವರ್ಷ 39 ಪಂದ್ಯ, 15 ಗೋಲು, 33 ಅಸಿಸ್ಟ್: 48 ಪಾಯಿಂಟ್. ಹಿಂದಿನ ಹೆಸರಾಂತ ಡಿಫೆನ್ಸ್‌ಮನ್ ಬ್ರಯನ್ ಲೀಚ್ 1986-87ರಲ್ಲಿ ಬಾಸ್ಟನ್ ಕಾಲೇಜಿನ ಮೊದಲ ವರ್ಷದಲ್ಲಿ ಗಳಿಸಿದ್ದು 47. ಕಾಲೇಜು ತಂಡಗಳ ಹಾಕಿ ಈಸ್ಟ್ ಲೀಗ್‌ನ ಫೈನಲ್‌ನಲ್ಲಿ ಮೆರಿಮ್ಯಾಕ್ ವಿರುದ್ಧ ಹೆಚ್ಚುವರಿ ಅವಧಿಯ ವಿಜಯದ ಗೋಲು ಹಟ್ಸನ್‌ದೇ. ಎರಡನೇ ವರ್ಷ 38 ಪಂದ್ಯಕ್ಕೆ 49 ಪಾಯಿಂಟ್. ಎರಡೂ ವರ್ಷ ತಂಡ ರಾಷ್ಟ್ರೀಯ ಸೆಮಿಫೈನಲ್ ತಲುಪಿ ಅಲ್ಲೇ ಸೋತಿತು.

ಪಾಯಿಂಟ್ ಹೆಚ್ಚು ಕಡಿಮೆ ಅಷ್ಟೇ ಇದ್ದದ್ದನ್ನು ನೋಡಿ ಎರಡನೇ ವರ್ಷ ಬೆಳವಣಿಗೆ ನಿಂತಿತು ಎಂದವರಿದ್ದರು. ಡಿಫೆನ್ಸ್‌ಮನ್‌ನ ಬೆಳವಣಿಗೆಯನ್ನು ಪಾಯಿಂಟಿನಲ್ಲಿ ಹುಡುಕುವುದೇ ತಪ್ಪು. ಎರಡನೇ ವರ್ಷದಲ್ಲಿ ನೋಡಬೇಕಿದ್ದದ್ದು ಬ್ಲೂ ಲೈನ್ ಮೇಲಿನ ತೀರ್ಮಾನಗಳು. ಪಕ್ ಹಿಡಿದು ಗೆರೆಯುದ್ದಕ್ಕೂ ಅಡ್ಡಲಾಗಿ ಜಾರುತ್ತ, ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಆಡಿಸಿ ತನ್ನನ್ನು ಕಾಯುವವನ ಕಾಲು ಸಿಕ್ಕಿಸುವುದು ಅವನ ದೊಡ್ಡ ಅಸ್ತ್ರ. ಆದರೆ ಆ ಗೆರೆಯ ಮೇಲೆ ಪಕ್ ಕಳೆದುಕೊಂಡರೆ ಹಿಂದೆ ಗೋಲಿ ಒಬ್ಬನೇ. ಜೊತೆಗಾರ ಹಿಂದಿದ್ದಾನೋ ಇಲ್ಲವೋ, ಪಂದ್ಯದ ಸ್ಥಿತಿ ಏನು, ಶಿಫ್ಟ್‌ನ ಎಷ್ಟನೇ ಸೆಕೆಂಡ್ ಎಂದು ನೋಡಿ ಜೂಜಾಡುವುದನ್ನು ಅವನು ಅಲ್ಲಿ ಕಲಿತ. ಗಂಡಸರ ನಡುವೆ ಪರೀಕ್ಷೆಯೂ ಆಯಿತು: 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಹಿರಿಯರ ತಂಡಕ್ಕೆ ಆಡಿದ. 2024ರ ಆರಂಭದಲ್ಲಿ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ.

ಎನ್‌ಎಚ್‌ಎಲ್‌ನಲ್ಲಿ

2024ರ ಏಪ್ರಿಲ್‌ನಲ್ಲಿ ಸಹಿ ಹಾಕಿ ಕೊನೆಯ ಎರಡು ಪಂದ್ಯ ಆಡಿದ, ಎರಡು ಅಸಿಸ್ಟ್. ಕಿರಿಯ ವೃತ್ತಿಪರ ಲೀಗ್‌ನ ಲಾವಾಲ್ ತಂಡಕ್ಕೆ ಅವನನ್ನು ಕಳಿಸಲೇ ಇಲ್ಲ. 2024-25ರಲ್ಲಿ 82ಕ್ಕೆ 82 ಪಂದ್ಯ, ಪಂದ್ಯಕ್ಕೆ ಸರಾಸರಿ 22 ನಿಮಿಷಕ್ಕೂ ಹೆಚ್ಚು ಆಟ. 6 ಗೋಲು, 60 ಅಸಿಸ್ಟ್. 1980-81ರಲ್ಲಿ ಲ್ಯಾರಿ ಮರ್ಫಿ ಮಾಡಿದ್ದ ಹೊಸ ಡಿಫೆನ್ಸ್‌ಮನ್‌ನ ಅಸಿಸ್ಟ್ ದಾಖಲೆಗೆ ಸಮ. ಕೆನೇಡಿಯನ್ಸ್‌ನ ಹೊಸ ಡಿಫೆನ್ಸ್‌ಮನ್ ದಾಖಲೆ ಕ್ರಿಸ್ ಚೆಲಿಯೊಸ್ ಹೆಸರಲ್ಲಿ 64 ಇತ್ತು, ಅದು ಮುರಿಯಿತು. 1972ರ ಕೆನ್ ಡ್ರೈಡನ್ ನಂತರ ಆ ತಂಡದ ಯಾರೂ ಕಾಲ್ಡರ್ ಗೆದ್ದಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ತಂಡ ಅವನ ಜೊತೆ ವರ್ಷಕ್ಕೆ 88.5 ಲಕ್ಷ ಡಾಲರಿನ ಎಂಟು ವರ್ಷದ ಒಪ್ಪಂದ ಮಾಡಿಕೊಂಡಿತು.

ಇದನ್ನು ನೋಡಿ ಎತ್ತರಕ್ಕೆ ಬೆಲೆಯೇ ಇಲ್ಲ ಎನ್ನುವವರ ಜೊತೆ ನಮಗೆ ಒಪ್ಪಿಗೆಯಿಲ್ಲ. ಪ್ಲಿಮತ್‌ನ ಕಡತದಲ್ಲಿದ್ದ ಮೂರು ದೌರ್ಬಲ್ಯಗಳಲ್ಲಿ ಮೊದಲ ಎರಡು ಇನ್ನೂ ಹಾಗೆಯೇ ಇವೆ. ಆರು ಗೋಲು ಎಂಬ ಅಂಕಿಯೂ ಒಂದು ಮಾತು ಹೇಳುತ್ತದೆ: ದೂರದಿಂದ ಅವನ ಹೊಡೆತ ಗೋಲಿಗಳನ್ನು ಹೆದರಿಸುವಂಥದಲ್ಲ, ಅದಕ್ಕೇ ಅವನು ಒಳಕ್ಕೆ ನುಗ್ಗಿ ಪಾಸ್ ಹುಡುಕುತ್ತಾನೆ. 5 ಅಡಿ 8 ಇಂಚಿನ ಡಿಫೆನ್ಸ್‌ಮನ್‌ಗಳಲ್ಲಿ ಅಂಚಿನ ಹಿಡಿತ, ನೋಟದ ಅಭ್ಯಾಸ, ಮೋಸದ ಚಲನೆ ಮೂರೂ ಈ ಮಟ್ಟದಲ್ಲಿರುವವರು ತೀರಾ ವಿರಳ; ಎರಡು ಇದ್ದು ಒಂದು ಇಲ್ಲದವರು ಈಗಲೂ ಕಿರಿಯ ಲೀಗ್‌ಗಳಲ್ಲೇ ಉಳಿಯುತ್ತಾರೆ.

ಇನ್ನು ತೆರೆದಿರುವ ಪುಟ ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಸುತ್ತುಗಳು. ಅಲ್ಲಿ ಒಂದೇ ಎದುರಾಳಿ ಎರಡು ವಾರದಲ್ಲಿ ಏಳು ಸಲದವರೆಗೂ ಎದುರಾಗುತ್ತಾನೆ, ಮೂಲೆಯ ಪ್ರತಿ ಪಕ್ಕಿನಲ್ಲೂ ಮೈಯಿಂದ ಢಿಕ್ಕಿ ಹೊಡೆಯುತ್ತಾನೆ. 2025ರ ಮೊದಲ ಸುತ್ತಿನಲ್ಲಿ ಮಾಂಟ್ರಿಯಲ್ ಐದು ಪಂದ್ಯಗಳಲ್ಲಿ ವಾಷಿಂಗ್ಟನ್‌ಗೆ ಸೋತಿತು. ಐದು ಪಂದ್ಯದಿಂದ ತೀರ್ಪು ಕೊಡಲಾಗದು; ಆರನೇ, ಏಳನೇ ಪಂದ್ಯದ ಮೂರನೇ ಪಿರಿಯಡ್‌ನಲ್ಲಿ ಅವನ ಎರಡನೇ ಭುಜದ ನೋಟ ಇದೆಯೋ ಇಲ್ಲವೋ ಎಂದು ಎಣಿಸಬೇಕು.

ಅದೇ ವಾಷಿಂಗ್ಟನ್ 2024ರ ಡ್ರಾಫ್ಟ್‌ನಲ್ಲಿ 43ನೆಯವನಾಗಿ ತೆಗೆದುಕೊಂಡದ್ದು ಲೇನ್‌ನ ತಮ್ಮ ಕೋಲ್ ಹಟ್ಸನ್‌ನನ್ನು. ಅವನೂ ಎಡಗೈ ಡಿಫೆನ್ಸ್‌ಮನ್, ಅವನೂ ಸಣ್ಣ ಮೈಯವ, ಅದೇ ಪ್ಲಿಮತ್, ಅದೇ ಬಾಸ್ಟನ್. ಮೊದಲ ವರ್ಷದ 39 ಪಂದ್ಯಗಳಲ್ಲಿ 48 ಪಾಯಿಂಟ್, ಅಣ್ಣನಷ್ಟೇ. 2025ರ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 11 ಪಾಯಿಂಟ್‌ನೊಂದಿಗೆ ಇಡೀ ಟೂರ್ನಿಯ ಅಗ್ರ ಸ್ಥಾನ. ಅಣ್ಣನಿಗಿಂತ 19 ಸ್ಥಾನ ಮೇಲೆ ಹೋದರೂ ಮೊದಲ ಸುತ್ತಿನಲ್ಲಿ ಅವನಿಗೂ ಜಾಗ ಸಿಗಲಿಲ್ಲ. ಅವನ ಕಡತ ತೆರೆಯುವವರು ಅಣ್ಣನ ಫಲಿತಾಂಶವನ್ನು ಅದರೊಳಗೆ ಸೇರಿಸಬಾರದು. ಮೂಲೆ, ಬ್ಲೂ ಲೈನ್, ಗೋಲಿನ ಮುಂದಿನ ಅಂಗಳ, ಈ ಮೂರೂ ಕಡೆ ಹೊಸ ಹಾಳೆಯಲ್ಲಿ ಮೊದಲಿನಿಂದ ಎಣಿಸಬೇಕು.